ಸೆವಿಯಾ ಬಿಡುವ ತಿಂಗಳ ಲೆಕ್ಕ

ವಿದೇಶಕ್ಕೆ ಕಲಿಯಲು ಹೊರಟವರು ಹೋಗುವ ಖರ್ಚನ್ನು ಕಾಸು ಕಾಸಿಗೂ ಬರೆದಿಡುತ್ತಾರೆ. ವೀಸಾ, ವಿಮೆ, ಟಿಕೆಟ್, ಮೊದಲ ತಿಂಗಳ ಬಾಡಿಗೆ ಎಲ್ಲಕ್ಕೂ ಒಂದೊಂದು ಸಾಲು. ವಾಪಸ್ ಬರುವ ತಿಂಗಳಿಗೆ ಮಾತ್ರ ಆ ಪಟ್ಟಿಯಲ್ಲಿ ಜಾಗವಿರುವುದಿಲ್ಲ. ಸ್ಪೇನಿನ ಸೆವಿಯಾ ಊರಿಗೆ ಫ್ಲಮೆಂಕೊ ನೃತ್ಯ ಕಲಿಯಲು 2024ರ ಸೆಪ್ಟೆಂಬರಿನಲ್ಲಿ, ಅಲ್ಲಿನ ಬಿಯೆನಾಲ್ ಫ್ಲಮೆಂಕೊ ಉತ್ಸವದ ಹೊತ್ತಿಗೆ ಹೋದವಳು ಮರುವರ್ಷ ಜೂನ್‌ನಲ್ಲಿ ಗಂಟುಮೂಟೆ ಕಟ್ಟಿದೆ. ಎಲ್ಲಕ್ಕಿಂತ ಹೆಚ್ಚು ದುಡ್ಡು ಕೇಳಿದ್ದು ಆ ಜೂನ್ ತಿಂಗಳೇ. ಅದಕ್ಕೆಂದೇ ಮೊದಲಿನಿಂದ ಸ್ವಲ್ಪ ಬೇರೆ ಎತ್ತಿಟ್ಟಿದ್ದರಿಂದ ಬಚಾವಾದೆ.

ಅಡ್ವಾನ್ಸ್ ವಿಚಾರ ನೋಡಿ. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟು, ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿಸಿಕೊಂಡು ರೂಢಿಯಾದ ನಮಗೆ ಸ್ಪೇನಿನ 1994ರ ಬಾಡಿಗೆ ಕಾಯ್ದೆ ಹಿತವಾಗಿಯೇ ಇದೆ. ಮನೆಗೆ ಕಡ್ಡಾಯ ಠೇವಣಿ ಒಂದು ತಿಂಗಳದ್ದು. ಕೀಲಿ ಒಪ್ಪಿಸಿ ತಿಂಗಳಾದರೂ ಮರಳಿಸದಿದ್ದರೆ ಬಡ್ಡಿ ಸೇರುತ್ತದೆ. ಆದರೆ ನಮ್ಮಂಥವರು ಹಿಡಿಯುವುದು ಒಂದು ಕೋಣೆ. ಅಲ್ಲಿ ಕರಾರಿನಲ್ಲಿ ಏನು ಬರೆದಿದೆ ಎನ್ನುವುದೇ ಮುಖ್ಯ.

ಸೆವಿಯಾದ ತ್ರಿಯಾನಾ ಬಡಾವಣೆಯ ನನ್ನ ಮನೆಯೊಡತಿ ಕೀಲಿ ತೆಗೆದುಕೊಳ್ಳುವ ದಿನ ಗೋಡೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕನ್ನಡಕ ಏರಿಸಿ, ಪರದೆ ಪೂರ್ತಿ ಸರಿಸಿ, ಬಗ್ಗಿ ನೆಲ ನೋಡಿದರು. ಫ್ಲಮೆಂಕೊ ಶೂಗಳ ತುದಿಗೂ ಹಿಮ್ಮಡಿಗೂ ಸಣ್ಣ ಮೊಳೆಗಳನ್ನು ಒತ್ತೊತ್ತಾಗಿ ಹೊಡೆದಿರುತ್ತಾರೆ. ಆ ಸದ್ದು ಬರುವುದೇ ಅವುಗಳಿಂದ. ಟೈಲ್ಸ್ ಮೇಲೆ ಜೋರಾಗಿ ಕುಟ್ಟಿದರೆ ಚುಕ್ಕಿ ಬೀಳುತ್ತದೆ. ಹಿಂದೆ ಇದ್ದವರೂ ನರ್ತಕರೇ. ಅವರು ಬಿಟ್ಟುಹೋದ ಚುಕ್ಕಿಗಳ ಫೋಟೊವನ್ನು ನಾನು ಬಂದ ದಿನವೇ ತೆಗೆದು ಮನೆಯೊಡತಿಗೆ ಕಳಿಸಿದ್ದೆ. ಅದನ್ನು ತೋರಿಸಿದ ಮೇಲೂ ಒಂದಷ್ಟು ಹಗ್ಗಜಗ್ಗಾಟ ನಡೆಯಿತು. ಕೊನೆಗೆ ಕ್ಲೀನಿಂಗ್ ಎಂದು 40 ಯೂರೋ ಹಿಡಿದುಕೊಂಡು ಉಳಿದದ್ದು ಕೊಟ್ಟರು.

ನಗದಾಗಿಯೇ ಕೊಡಿ ಎಂದಿದ್ದೆ. ಯುರೋಪಿನಲ್ಲಿ ಹಣ ಓಡಾಡುವುದು ಐಬ್ಯಾನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆಯ ಮೇಲೆ. ನಮ್ಮ ಬ್ಯಾಂಕುಗಳಲ್ಲಿ ಆ ಪದ್ಧತಿಯಿಲ್ಲ. ಠೇವಣಿಗೆ ಕಾಯುತ್ತಾ ಅಲ್ಲಿನ ಖಾತೆಯನ್ನು ಹಾಗೇ ಬಿಟ್ಟು ಬಂದರೆ ನಿರ್ವಹಣಾ ಶುಲ್ಕವೇ ಅದನ್ನು ತಿಂದು ಮುಗಿಸೀತು. ಕೈಯಲ್ಲಿ ತಂದ ನೋಟಿಗೆ ರಿಸರ್ವ್ ಬ್ಯಾಂಕ್ ನಿಯಮ ಸರಳ: 2,000 ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿನದನ್ನು ಮರಳಿದ 180 ದಿನಗಳೊಳಗೆ ಬ್ಯಾಂಕಿಗೋ ಅಧಿಕೃತ ವಿನಿಮಯದವರಿಗೋ ಕೊಡಬೇಕು, ಇಲ್ಲವೇ ವಿದೇಶಿ ಕರೆನ್ಸಿ ಖಾತೆಗೆ ಹಾಕಬೇಕು. ಚಿಲ್ಲರೆ ನಾಣ್ಯವನ್ನು ಇಲ್ಲಿನ ವಿನಿಮಯದಂಗಡಿಯವರು ಮುಟ್ಟುವುದಿಲ್ಲ, ಅಲ್ಲೇ ಕಾಫಿ ಕುಡಿದು ಮುಗಿಸಿ.

ನಿಜವಾಗಿ ಜೇಬಿಗೆ ಕತ್ತರಿ ಬೀಳುವುದು ಬೇರೆ ಕಡೆ. ಜೂನ್ ಬಂತೆಂದರೆ ಜಪಾನಿನಿಂದ, ಫ್ರಾನ್ಸಿನಿಂದ, ಎಲ್ಲೆಲ್ಲಿಂದಲೋ ಬಂದ ವಿದ್ಯಾರ್ಥಿಗಳೆಲ್ಲ ಖಾಸಗಿ ಪಾಠಕ್ಕೆ ಮುಗಿಬೀಳುತ್ತಾರೆ. ಊರಿಗೆ ಹೋಗುವ ಮುನ್ನ ಒಂದು ಪೂರ್ತಿ ನೃತ್ಯ ಕೈಗೆ ಬರಲಿ ಎನ್ನುವ ಆಸೆ. ಗಂಟೆಗಿಷ್ಟೆಂದು ಗುರುಗಳಿಗೆ, ಜೊತೆಗೆ ಸ್ಟುಡಿಯೊ ಬಾಡಿಗೆ. ನನ್ನ ದೃಷ್ಟಿಯಲ್ಲಿ ಅದು ದಂಡ. ಫ್ಲಮೆಂಕೊದಲ್ಲಿ ಹಾಡುಗಾರ, ಗಿಟಾರಿನವರು, ನರ್ತಕಿ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡು ಮುಂದೆ ಸಾಗುತ್ತಾರೆ. ಹೆಜ್ಜೆ ಕುಟ್ಟಿ ‘ಈಗ ಹಾಡಿ’ ಎಂದು ಸೂಚಿಸುವವಳು ನರ್ತಕಿ. ಆ ಹಾಡುಗಾರರೂ ಗಿಟಾರಿನವರೂ ಇಲ್ಲದ ಬೆಂಗಳೂರಿನಲ್ಲಿ, ಕೊಂಡು ತಂದ ಹೆಜ್ಜೆಗಳು ಬರೀ ಹೆಜ್ಜೆಗಳೇ. ಅದೇ ಹಣದಲ್ಲಿ ಒಬ್ಬ ಗಿಟಾರಿಸ್ಟ್‌ನನ್ನು ಕೂರಿಸಿ 12 ಮಾತ್ರೆಯ ಫ್ಲಮೆಂಕೊ ಪ್ರಕಾರಗಳಾದ ಸೊಲೆಯಾ ಮತ್ತು ಅಲೆಗ್ರಿಯಾಸ್ ನುಡಿಸಿ ರೆಕಾರ್ಡ್ ಮಾಡಿಸಿಕೊಂಡೆ, ಎರಡೆರಡು ವೇಗದಲ್ಲಿ. ದಿನಾ ಅದಕ್ಕೇ ಅಭ್ಯಾಸ.

ಉದ್ದ ಬಾಲದ ಲಂಗ, ಬಾತಾ ದೆ ಕೋಲಾ, ಕಿಲೋಗಟ್ಟಲೆ ತೂಗುತ್ತದೆ. ಹೆಚ್ಚುವರಿ ಲಗೇಜಿಗೆ ಕಟ್ಟುವ ಬದಲು ಹೊಸದಾಗಿ ಸೇರಿದ ಹುಡುಗಿಗೆ ಮಾರಿದೆ. ಶೂ ಮಾತ್ರ ಬಿಡಲಿಲ್ಲ. ಕಾಲಿಗೆ ಪಳಗಿದ ಶೂ ಯಾರು ಮಾರುತ್ತಾರೆ?

ಇನ್ನು ತೆರಿಗೆ. ಮಾರ್ಚ್‌ನಲ್ಲಿ ಅಪ್ಪನಿಂದ ತರಿಸಬೇಕಿದ್ದ ಕೊನೆಯ ಕಂತನ್ನು ಬೇಕೆಂದೇ ಏಪ್ರಿಲ್‌ಗೆ ತಳ್ಳಿದ್ದೆ. ಹೊಸ ಹಣಕಾಸು ವರ್ಷದ ಲೆಕ್ಕ ಸೊನ್ನೆಯಿಂದ ಶುರು. ಮೇಲಾಗಿ 2025ರ ಏಪ್ರಿಲ್ 1ರಿಂದ ಹೊರದೇಶಕ್ಕೆ ಕಳಿಸುವ ಹಣಕ್ಕೆ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಬೀಳದ ಮಿತಿ 7 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿತ್ತು. ಅದಕ್ಕೂ ಮೊದಲು ಬ್ಯಾಂಕಿನವರು ‘ಡ್ಯಾನ್ಸೂ ಶಿಕ್ಷಣವೇನಮ್ಮಾ?’ ಎಂದು ಕೇಳಿ, ಶಾಲೆಯ ಪತ್ರ ನೋಡಿದ ಮೇಲೆಯೇ ಮಿತಿ ದಾಟಿದ ಹಣಕ್ಕೆ ಶೇ 20ರ ಬದಲು ಶಿಕ್ಷಣಕ್ಕೆ ಆಗಿದ್ದ ಶೇ 5 ಹಾಕಿದ್ದರು. ಕಡಿತವಾದದ್ದು ಅಪ್ಪನ ಪ್ಯಾನ್‌ನಲ್ಲಿ, ಆದ್ದರಿಂದ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳುವವರೂ ಅವರೇ.

ನನ್ನ ಪಾಲಿನ ಕೆಲಸ ಇನ್ನೊಂದು. ತೆರಿಗೆ ಲೆಕ್ಕದಲ್ಲಿ ಸಾಮಾನ್ಯ ನಿವಾಸಿ ಎನಿಸಿಕೊಂಡವರು ವಿದೇಶಿ ಬ್ಯಾಂಕ್ ಖಾತೆಯನ್ನು ರಿಟರ್ನ್‌ನಲ್ಲಿ ವಿದೇಶಿ ಆಸ್ತಿಗಳ ಪಟ್ಟಿಯಾದ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಲೇಬೇಕು, ಆದಾಯವು ತೆರಿಗೆ ಮಿತಿಯೊಳಗಿದ್ದರೂ. ಅದರ ಲೆಕ್ಕ ಜನವರಿಯಿಂದ ಡಿಸೆಂಬರ್. ಹೀಗಾಗಿ 2024ರಲ್ಲಿ ತೆರೆದು 2025ರ ಜೂನ್‌ನಲ್ಲಿ ಮುಚ್ಚಿದ ಖಾತೆ ಎರಡು ರಿಟರ್ನ್‌ಗಳಲ್ಲಿ ಕಾಣಿಸಿಕೊಳ್ಳಬೇಕು. ಐಟಿಆರ್-1 ಫಾರ್ಮ್ ಇದಕ್ಕೆ ನಡೆಯದು. ಖಾತೆ ಮುಚ್ಚಿದ ದಿನ ಬ್ಯಾಂಕಿನಿಂದ ಪೂರ್ತಿ ಸ್ಟೇಟ್‌ಮೆಂಟ್ ಮತ್ತು ಮುಚ್ಚಿದ್ದಕ್ಕೆ ಪತ್ರ ಎರಡನ್ನೂ ಇಸಿದುಕೊಂಡು ಬನ್ನಿ. ಇಲ್ಲಿಂದ ಫೋನ್ ಮಾಡಿ ತರಿಸಿಕೊಳ್ಳುವುದು ಸುಲಭವಲ್ಲ.