ಪಾಲಿಸಿಯಲ್ಲಿದ್ದ ಕಾರು, ಮನೆ ಮುಂದೆ ನಿಂತಿದ್ದ ಕಾರು

‘ಮಿಸ್ಟರ್ ಬೀನ್’ ಎಂದೇ ನಾವೆಲ್ಲ ಗುರುತಿಸುವ ರೋವನ್ ಅಟ್ಕಿನ್ಸನ್ 2011ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಶೈರ್‌ನಲ್ಲಿ ತಮ್ಮ ಮೆಕ್ಲಾರೆನ್ ಎಫ್1 ಕಾರನ್ನು ಮರಕ್ಕೆ ಗುದ್ದಿದರು. ಅವರ ಭುಜಕ್ಕೆ ಪೆಟ್ಟಾಯಿತು, ಕಾರು ಗುರುತು ಸಿಗದಂತಾಯಿತು. ಆದರೂ ವಿಮಾ ಕಂಪನಿ ಅದನ್ನು ಗುಜರಿಗೆ ಹಾಕಲಿಲ್ಲ. ರಿಪೇರಿಗೆಂದು ಸುಮಾರು 9.1 ಲಕ್ಷ ಪೌಂಡ್ ತೆತ್ತಿತು. ಹುಚ್ಚೇನಲ್ಲ, ಲೆಕ್ಕ: ಜಗತ್ತಿಗೆಲ್ಲ ಸೇರಿ 106 ಮಾತ್ರ ತಯಾರಾದ ಆ ಕಾರಿನ ಬೆಲೆ ರಿಪೇರಿ ಬಿಲ್ಲಿನ ಹಲವು ಪಟ್ಟು ಇತ್ತು. 2015ರಲ್ಲಿ ಅದೇ ಕಾರು 80 ಲಕ್ಷ ಪೌಂಡಿಗೆ ಮಾರಾಟವಾಯಿತು.

ಬೆಂಗಳೂರಿನ ನನ್ನ ಪೋಲೊ ಜಿಟಿ ಟಿಎಸ್‌ಐ ಕಾರಿಗೆ ಆ ಯೋಗವಿರಲಿಲ್ಲ.

2013ರಲ್ಲಿ ಈ ಮಾದರಿ ಮಾರುಕಟ್ಟೆಗೆ ಬಂದಾಗ ಅದಕ್ಕೆ ಸರಿಯಾದ ಎದುರಾಳಿಯೇ ಇರಲಿಲ್ಲ. ನೋಡಲು ಸಾಮಾನ್ಯ ಹ್ಯಾಚ್‌ಬ್ಯಾಕ್, ಒಳಗೆ 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್. ಮಿಯಾಟಾ, ಜಿಟಿ86ಗಳಂಥ ಕೈಗೆಟಕುವ ಸ್ಪೋರ್ಟ್ಸ್ ಕಾರುಗಳನ್ನು ಚಿತ್ರದಲ್ಲಷ್ಟೇ ನೋಡಿದ್ದ ನಮ್ಮ ಪೀಳಿಗೆಯವರಿಗೆ ಇದೇ ಸ್ಪೋರ್ಟ್ಸ್ ಕಾರು. ಭಾನುವಾರ ಬೆಳಗಾಗುವ ಮುಂಚೆ ನಂದಿ ಬೆಟ್ಟದ ತಪ್ಪಲಿಗೆ ಹೋದರೆ ಸಾಲಾಗಿ ನಿಂತಿರುತ್ತಿದ್ದವು, ಒಂದೊಂದೂ ಒಂದೊಂದು ಥರ. ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಿದರೆ ಕಂಪನಿ ಕೊಟ್ಟ 105 ಪಿಎಸ್ ಶಕ್ತಿ 130ರ ಆಸುಪಾಸಿಗೆ ಏರುತ್ತದೆ. ಇದು ‘ಸ್ಟೇಜ್ ಒನ್’ ರಿಮ್ಯಾಪ್. ಆಮೇಲೆ ಇಂಟೇಕ್, ಡೌನ್‌ಪೈಪ್, ಕಾಯಿಲೋವರ್ ಸಸ್ಪೆನ್ಷನ್, ಹದಿನಾರು ಇಂಚಿನ ಅಲಾಯ್. ನನ್ನ ಕಾರಿನಲ್ಲಿ ಇವೆಲ್ಲ ಇದ್ದವು. ಬೋನಸ್ ಬಂದಾಗಲೆಲ್ಲ ಒಂದೊಂದು.

ಆ ಕಾರನ್ನು ಕಳೆದುಕೊಂಡ ಅಪಘಾತದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹಾಸನದ ಕಡೆಯಿಂದ ಬರುವಾಗ, ಮಳೆಗಾಲದ ರಾತ್ರಿ, ಕುಣಿಗಲ್ ಹತ್ತಿರ ಡಿವೈಡರ್ ಸಂದಿಯಿಂದ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಅಡ್ಡ ಬಂತು. ಎರಡೂ ಏರ್‌ಬ್ಯಾಗ್ ಬಿಚ್ಚಿಕೊಂಡವು, ಕೊರಳೆಲುಬು ಬಿರುಕು ಬಿಟ್ಟಿತು, ಬಾಗಿಲು ಮಾತ್ರ ಸಲೀಸಾಗಿ ತೆರೆಯಿತು. ಬಾಗಿಲು ಹಾಗೆ ತೆರೆಯಿತೆಂದರೆ ಕೂರುವ ಗೂಡು ಕುಸಿದಿಲ್ಲವೆಂದರ್ಥ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಪೋಲೊವನ್ನು ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಮಾದರಿಗೆ ಸೊನ್ನೆ, ಎರಡು ಏರ್‌ಬ್ಯಾಗ್ ಇದ್ದದ್ದಕ್ಕೆ ನಾಲ್ಕು ಸ್ಟಾರ್ ಬಂದಿತ್ತು. ಆ ವ್ಯತ್ಯಾಸವನ್ನು ಆಸ್ಪತ್ರೆಯಲ್ಲಿ ಮಲಗಿ ಯೋಚಿಸಲು ಬೇಕಾದಷ್ಟು ಸಮಯವಿತ್ತು.

ವರ್ಕ್‌ಶಾಪ್‌ನಲ್ಲಿ ಕಾರು ನೋಡಿದವರು ಬಾನೆಟ್, ಬಂಪರ್, ರೇಡಿಯೇಟರ್ ಬಗ್ಗೆ ಮಾತೇ ಆಡುವುದಿಲ್ಲ. ಅವೆಲ್ಲ ಅಂಗಡಿಯಲ್ಲಿ ಸಿಗುವ ಸಾಮಾನು. ಅವರು ಬಗ್ಗಿ ನೋಡುವುದು ಏಪ್ರನ್ ಮತ್ತು ಪಿಲ್ಲರ್‌ಗಳನ್ನು. ಮುಂದಿನ ಎರಡು ಉಕ್ಕಿನ ತೊಲೆಗಳು ಮಡಚಿಕೊಂಡು ಹೊಡೆತದ ಶಕ್ತಿಯನ್ನು ನುಂಗಬೇಕೆಂದೇ ಮಾಡಿದವು, ಅದೂ ಒಂದೇ ಸಲಕ್ಕೆ. ಗಟ್ಟಿ ಉಕ್ಕನ್ನು ಕಾಯಿಸಿ ನೆಟ್ಟಗೆ ಮಾಡಿದರೆ ಆಕಾರ ವಾಪಸು ಬಂದೀತು, ಬಲ ಬರುವುದಿಲ್ಲ. ‘ಜಿಗ್‌ಗೆ ಹಾಕಿ ಎಳೆದು ಕೊಡ್ತೀನಿ ಸಾರ್, ಮುಂಚಿನ ಥರಾನೇ ಆಗುತ್ತೆ’ ಎಂದು ಭರವಸೆ ಕೊಡುವ ಮೇಸ್ತ್ರಿ ಪ್ರತಿ ಬಡಾವಣೆಯಲ್ಲೂ ಒಬ್ಬ ಸಿಗುತ್ತಾನೆ. ಅವನ ಮಾತು ನಂಬಬೇಕೆಂದು ಮನಸ್ಸು ಹಟ ಹಿಡಿಯುವುದೇ ಅಪಾಯ.

ಆ ಹಟವನ್ನು ವಿಮಾ ಕಂಪನಿಯ ಸರ್ವೇಯರ್ ಮುರಿಯುತ್ತಾನೆ. ಪಾಲಿಸಿಯಲ್ಲಿ ಐಡಿವಿ ಎಂಬ ಅಂಕಿಯಿರುತ್ತದೆ, ಕಾರಿನ ಘೋಷಿತ ಬೆಲೆ. ರಿಪೇರಿ ಖರ್ಚು ಅದರ ಶೇ 75ನ್ನು ದಾಟಿದರೆ ‘ಟೋಟಲ್ ಲಾಸ್’. ಐಡಿವಿ ನಾಲ್ಕು ಲಕ್ಷ ಎಂದಿಟ್ಟುಕೊಳ್ಳಿ. ಅಂದಾಜು ಮೂರು ಲಕ್ಷ ದಾಟಿದೊಡನೆ ಕಾರಿನ ಕಥೆ ಮುಗಿಯಿತು. ಎರಡು ಏರ್‌ಬ್ಯಾಗ್, ಅದರ ಕಂಟ್ರೋಲ್ ಘಟಕ, ಡ್ಯಾಶ್‌ಬೋರ್ಡ್, ಸೀಟ್‌ಬೆಲ್ಟ್ ಇವೇ ಆ ಗಡಿಯ ಹತ್ತಿರ ತಂದು ನಿಲ್ಲಿಸುತ್ತವೆ. ವರ್ಷ ಕಳೆದಂತೆ ಐಡಿವಿ ಇಳಿಯುತ್ತದೆ: ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ 50 ಕಡಿತ, ಐದು ದಾಟಿದರೆ ಕಂಪನಿ ಮತ್ತು ಮಾಲೀಕ ಒಪ್ಪಿಕೊಂಡಷ್ಟು. ಕಾರು ಹಳೆಯದಾದಷ್ಟೂ ಸಣ್ಣ ಗುದ್ದಿಗೇ ಅದು ‘ಸಾಯುತ್ತದೆ’. ಕಾರಿನ ಪೂರ್ತಿ ಬೆಲೆ ಕೊಡಿಸುವ ‘ರಿಟರ್ನ್ ಟು ಇನ್ವಾಯ್ಸ್’ ರಕ್ಷಣೆ ಸಾಮಾನ್ಯವಾಗಿ ಹೊಸ ಕಾರುಗಳ ಮೊದಲ ಕೆಲವೇ ವರ್ಷಗಳಿಗೆ.

ಇಲ್ಲೇ ಒಂದು ಕಾರು ಎರಡಾಗುವುದು. ಪಾಲಿಸಿಯಲ್ಲಿರುವುದು ಚಾಕಣದ ಕಾರ್ಖಾನೆಯಿಂದ ಹೊರಬಿದ್ದ ಕಾರು. ಮನೆ ಮುಂದೆ ನಿಂತಿದ್ದದ್ದು ಬೇರೆಯದೇ. ಸ್ಟೀರಿಯೊದಂಥ ವಿದ್ಯುತ್ ಉಪಕರಣಗಳನ್ನು ಘೋಷಿಸಿ, ಅವುಗಳ ಬೆಲೆಯ ಶೇ 4ರಷ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಗೆ ಸೇರಿಸುವ ಪದ್ಧತಿ ಮೊದಲಿನಿಂದಲೂ ಇದೆ. ರಿಮ್ಯಾಪ್, ಡೌನ್‌ಪೈಪ್‌ಗಳಿಗೆ ಅಂಥ ಅಂಕಣವೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಘೋಷಿಸದ ಮಾರ್ಪಾಡು ಕ್ಲೇಮನ್ನೇ ಅಲ್ಲಾಡಿಸಬಹುದು. ಆದ್ದರಿಂದ ಗುದ್ದಿದ ಕಾರಿನಿಂದ ಸರ್ವೆಗೆ ಮುಂಚೆ ಬಿಡಿಭಾಗ ಬಿಚ್ಚಿಕೊಳ್ಳುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಇದ್ದದ್ದನ್ನು ಇದ್ದಂತೆ ತೋರಿಸಿ, ಅವಶೇಷ ಯಾರಿಗೆ ಎಂಬ ಮಾತುಕತೆ ಬಂದಾಗ ನಮ್ಮ ಸಾಮಾನನ್ನು ಕೇಳುವುದೇ ಸರಿಯಾದ ದಾರಿ. ಹಿಂದಿನ ಎರಡು ಅಲಾಯ್ ನನಗೆ ಸಿಕ್ಕವು. ಮುಂದಿನವು ಸಿಕ್ಕಿದ್ದರೂ ಬೇಡವಾಗಿದ್ದವು. ಆ ಹೊಡೆತ ತಿಂದ ಚಕ್ರದ ಬಿರುಕು ಕಣ್ಣಿಗೆ ಕಾಣದೆ ಇರಬಹುದು.

ಹಣ ಬಂದ ಮೇಲೂ ಒಂದು ಕೆಲಸ ಬಾಕಿ. ನಾಶವಾದ ವಾಹನದ ವಿಷಯವನ್ನು 14 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕೆಂದು 55ನೇ ಕಲಂ ಹೇಳುತ್ತದೆ. ಬಹಳ ಜನ ಇದನ್ನು ಮರೆಯುತ್ತಾರೆ. ಜೀವಂತ ಉಳಿದ ಆರ್‌ಸಿಗೆ ಗುಜರಿ ಪೇಟೆಯಲ್ಲಿ ಬೇರೆಯದೇ ಬೆಲೆಯಿದೆ: ಆ ಚಾಸಿಸ್ ನಂಬರನ್ನು ಕದ್ದ ಕಾರಿಗೆ ಕೊರೆದು ಮಾರುವ ಜಾಲಗಳು ಪೊಲೀಸರ ಕೈಗೆ ಸಿಕ್ಕಿಬಿದ್ದ ಉದಾಹರಣೆಗಳಿವೆ.

ಮುಂದಿನದು ಹುಡುಕಾಟ. ಮೊದಲು ಮನಸ್ಸು ಓಡುವುದು ಅದೇ ಕಾರಿನ ಕಡೆಗೆ. ಭಾರತದಲ್ಲಿ ಪೋಲೊ ತಯಾರಿಕೆ 2022ರಲ್ಲಿ ನಿಂತಿತು. ಹಾಗಾಗಿ ಚೆನ್ನಾಗಿರುವ ಜಿಟಿಗಳ ಮಾಲೀಕರು ಐಡಿವಿಗಿಂತ ಎಷ್ಟೋ ಹೆಚ್ಚಿನ ಬೆಲೆ ಹೇಳುತ್ತಾರೆ. ದೆಹಲಿಯದ್ದು, ಕೇರಳದ್ದು ಅಗ್ಗವಾಗಿ ಕಂಡರೂ ಎನ್‌ಒಸಿ, ಕರ್ನಾಟಕದ ಆಜೀವ ತೆರಿಗೆ ಸೇರಿದರೆ ಆ ಅಗ್ಗ ಕರಗಿಹೋಗುತ್ತದೆ. ಸಿಕ್ಕವುಗಳಲ್ಲೂ ಎಷ್ಟೋ ಕಾರುಗಳು ನನ್ನದರಂತೆಯೇ ಗುದ್ದಿಸಿಕೊಂಡು ಎದ್ದು ಬಂದವು. ಅವನ್ನು ಹಿಡಿಯುವ ಉಪಾಯ ನೋಡುತ್ತ ನೋಡುತ್ತ ತಿಳಿಯಿತು. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಚೀಟಿಯ ದಿನಾಂಕ ನೋಡಬೇಕು, ಪ್ರತಿ ಗಾಜಿನ ಮೂಲೆಯ ವರ್ಷ ಹೊಂದುತ್ತದೆಯೇ ಎಂದು ಸುತ್ತ ನಡೆದು ನೋಡಬೇಕು, ಫೆಂಡರ್ ಬೋಲ್ಟಿನ ಬಣ್ಣ ಸ್ಪ್ಯಾನರ್ ತಾಗಿ ಎದ್ದಿದೆಯೇ ಗಮನಿಸಬೇಕು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಆರಬೇಕು. ಹೊತ್ತದಿದ್ದರೆ ಅಥವಾ ಪಕ್ಕದ ಇನ್ನೊಂದು ದೀಪದ ಜೊತೆಗೇ ಆರಿದರೆ ಯಾರೋ ವೈರು ಜೋಡಿಸಿದ್ದಾರೆಂದು ಅನುಮಾನಿಸಿ, ಸ್ಕ್ಯಾನರ್ ಹಾಕಿಸದೆ ಮುಂದಿನ ಮಾತು ಆಡಬಾರದು. ಮೈಸೂರಿನಲ್ಲಿ ಸಿಕ್ಕ ಬಿಳಿ ಕಾರೊಂದು ಎಲ್ಲದರಲ್ಲೂ ಪಾಸಾಗಿ, ಕೊನೆಗೆ ಬೂಟಿನ ಮ್ಯಾಟ್ ಎತ್ತಿದಾಗ ಕೈಯಿಂದ ಬಳಿದ ಸೀಲೆಂಟ್ ತೋರಿಸಿತು. ಮಾರುವವರು ‘ಅದು ಹಂಗೇ ಬರೋದು’ ಎಂದರು. ಬರುವುದಿಲ್ಲ.

ನಿಜ ಹೇಳಬೇಕೆಂದರೆ ಮತ್ತೊಂದು ಪೋಲೊದ ಆಸೆ ಬಿಡಿಸಿದ್ದು ಆ ಸೀಲೆಂಟಲ್ಲ. ಸ್ವಚ್ಛವಾದ ಜಿಟಿ ಸಿಕ್ಕಿದ್ದರೂ ಅದಕ್ಕೆ ಅದೇ ಡೌನ್‌ಪೈಪ್, ಅದೇ ಕಾಯಿಲೋವರ್ ಹುಡುಕಿ ಹಾಕಿ, ಹೋದ ಕಾರನ್ನು ಮತ್ತೆ ಕಟ್ಟುವುದರಲ್ಲೇ ದುಡ್ಡು ಮುಗಿಯುತ್ತಿತ್ತು. ಮೊದಲನೆಯದು ಒಂದೊಂದೇ ಭಾಗವಾಗಿ, ಕಲಿಯುತ್ತ ಬೆಳೆದದ್ದು. ಎರಡನೆಯದು ಪಟ್ಟಿ ನೋಡಿ ಮಾಡಿದ ನಕಲಾಗುತ್ತಿತ್ತು.

ಕೊನೆಗೆ ಮನೆಗೆ ಬಂದದ್ದು ಹೊಸ ವರ್ಟಸ್ ಜಿಟಿ. 1.5 ಲೀಟರ್ ಎಂಜಿನ್, ಕಂಪನಿಯಿಂದಲೇ 150 ಪಿಎಸ್: ಹಳೆಯ ಕಾರು ಸ್ಟೇಜ್ ಒನ್ ಮಾಡಿಸಿಕೊಂಡೂ ಮುಟ್ಟದ ಅಂಕಿ. ಆರು ಏರ್‌ಬ್ಯಾಗ್, 2023ರ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್. ನೋವಾದದ್ದು ತೆರಿಗೆಯ ಸಾಲು ನೋಡಿದಾಗ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಶೇ 17 ಆಜೀವ ತೆರಿಗೆ, ಮೇಲೆ ಸೆಸ್. 18 ಲಕ್ಷದ ಕಾರಿಗೆ ಅದೇ ಮೂರು ಲಕ್ಷ ದಾಟುತ್ತದೆ. ಕ್ಲೇಮ್ ಮಾಡಿದ್ದರಿಂದ ಶೇ 50ರ ನೋ ಕ್ಲೇಮ್ ಬೋನಸ್ ಕೂಡ ಸೊನ್ನೆಗೆ ಇಳಿದಿತ್ತು. ಬದಲಿ ಕಾರಿನ ಬಜೆಟ್ ಹಾಕುವವರು ಈ ಎರಡನ್ನು ಮೊದಲೇ ಬರೆದಿಟ್ಟುಕೊಂಡರೆ ಶೋರೂಮಿನಲ್ಲಿ ಮುಖ ಸಪ್ಪಗಾಗುವುದಿಲ್ಲ.

ಹಳೆಯ ಅಲಾಯ್ ಇದಕ್ಕೆ ಹಾಕಿಲ್ಲ, ಗೆಳೆಯನ ಪೋಲೊಗೆ ಹೋದವು. ಟೈರ್ ಮಾತ್ರ ಒಳ್ಳೆಯದಕ್ಕೆ ಬದಲಾಗಿದೆ, ಅಳತೆ ಕಂಪನಿಯದ್ದೇ. ಹಾಸನದ ದಾರಿಯಲ್ಲಿ ಡಿವೈಡರ್ ಸಂದಿ ಬಂದಾಗ ಕಾಲು ಈಗಲೂ ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ, ಹಗಲಿನಲ್ಲೂ. ರಿಮ್ಯಾಪ್ ಮಾಡುವ ಹುಡುಗ ಆಗಾಗ ಫೋನ್ ಮಾಡಿ ಈ ಎಂಜಿನ್ನಿಗೂ ಫೈಲ್ ಬಂದಿದೆ ಎನ್ನುತ್ತಾನೆ. ವಾರಂಟಿ ಮುಗಿಯಲಿ ನೋಡೋಣ ಎಂದಿದ್ದೇನೆ. ಈ ಮಾತು ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ.