ಕನ್ನಡ ಬ್ಲಾಗುಗಳಿಗೊಂದು ಸೂಚಿ

ಭಂಡಾರದಲ್ಲಿ ಗ್ರಂಥಗಳು ಎಷ್ಟಿದ್ದರೇನು, ಅವು ಎಲ್ಲಿವೆಯೆಂದು ತಿಳಿಸುವ ಸೂಚಿ ಇಲ್ಲದಿದ್ದರೆ ಅವು ಇದ್ದೂ ಇಲ್ಲದಂತೆಯೇ. ಅಂತರಜಾಲದಲ್ಲಿ ಕನ್ನಡಿಗರು ಬರೆದಿಟ್ಟಿರುವ ಬ್ಲಾಗುಗಳ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಪತ್ರಿಕೆಗಳಲ್ಲಿ ಎಂದೂ ಅಚ್ಚಾಗದ ಊರ ಹಬ್ಬ, ತೋಟದ ಕೆಲಸ, ಅಜ್ಜಿಯ ಮಾತು ಇವೆಲ್ಲ ಅಲ್ಲಿ ಅಡಗಿವೆ.

ಶೋಧಯಂತ್ರಗಳಿರುವಾಗ ಸೂಚಿಯೇಕೆಂದು ವಾಚಕರು ಕೇಳಬಹುದು. ಲೋಕವೂ ಹಾಗೆಯೇ ಕೇಳಿತು. ಯಾಹೂವಿನ ಸೂಚಿ 2014 ರಲ್ಲಿಯೂ, ಸ್ವಯಂಸೇವಕರು 1998 ರಿಂದ ವಿಂಗಡಿಸುತ್ತ ಬಂದಿದ್ದ ಡಿಮಾಜ್ 2017 ರಲ್ಲಿಯೂ ಮುಚ್ಚಿದವು. ಆದರೆ ಯಂತ್ರವು ಅಕ್ಷರಕ್ಕೆ ಅಕ್ಷರವನ್ನು ಹೊಂದಿಸುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಹಳೆಯ ಫಾಂಟುಗಳಲ್ಲಿ ಮೂಡಿದ ಕನ್ನಡ ಪುಟಗಳು ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅಲ್ಲದೆ, ಏನನ್ನು ಕೇಳಬೇಕೆಂದು ಬಲ್ಲವನಿಗೆ ಮಾತ್ರ ಯಂತ್ರ ಉತ್ತರ ಕೊಡುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಂಥದನ್ನು ಓದು ಎಂದು ಹೇಳುವ ಅಣ್ಣನಾಗಲಿ ಚಿಕ್ಕಪ್ಪನಾಗಲಿ ನನಗಿರಲಿಲ್ಲ. ಸೂಚಿಯು ಇಂಥವರಿಗೆ ಬೇಕು.

2018 ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರುಗಳ ಕಡೆ ಬೆಟ್ಟ ಕುಸಿದಾಗ ಅಲ್ಲಿನವರೇ ಏನು ಬರೆದರೆಂದು ತಿಳಿಯಲು ನಾನು ಒಂದು ಬ್ಲಾಗು ಪಟ್ಟಿಯನ್ನು ತೆರೆದೆ. ಅದರಲ್ಲಿ ಹೆಸರುಗಳಿದ್ದವು, ಮತ್ತೇನೂ ಇರಲಿಲ್ಲ. ಬರೆದವರು ಯಾವ ಊರಿನವರು, ಕೊನೆಯ ಬರಹ ಯಾವ ವರ್ಷದ್ದು, ಪುಟ ಈಗಲೂ ತೆರೆಯುತ್ತದೆಯೇ, ಒಂದೂ ತಿಳಿಯದು. ‘ಭಾವಲಹರಿ’ ಎಂಬಂಥ ಹೆಸರಿನಿಂದ ಒಳಗೆ ಕವಿತೆಯಿದೆಯೋ ಕರಿಮೆಣಸಿನ ಕೃಷಿಯಿದೆಯೋ ಹೇಳಬಲ್ಲವರಾರು?

ಒಳ್ಳೆಯ ಸೂಚಿಯ ಮಾದರಿಗೆ ನಾವು ದೂರ ಹೋಗಬೇಕಾದುದಿಲ್ಲ. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲನೆಯ ಸಂಪುಟವೇ ಕೊಡಗಿನ ಶಾಸನಗಳದು. ಅದು 1886 ರಲ್ಲಿ ಹೊರಬಂದಿತು. 1914 ರಲ್ಲಿ ಪರಿಷ್ಕೃತವಾಯಿತು. ಪ್ರತಿಯೊಂದು ಶಾಸನಕ್ಕೂ ಸಂಖ್ಯೆಯುಂಟು, ಸ್ಥಳವುಂಟು. ಕಲ್ಲಿನ ಮೇಲಿನ ಬರಹದ ಪಟ್ಟಿಯೇ ಪರಿಷ್ಕರಣವನ್ನು ಬೇಡಿತೆಂದ ಮೇಲೆ, ದಿನಕ್ಕೊಂದು ಅಳಿಯುವ ಬರಹದ ಪಟ್ಟಿಯನ್ನು ಒಮ್ಮೆ ಮಾಡಿ ಬಿಟ್ಟರಾದೀತೆ? ಆರ್. ನರಸಿಂಹಾಚಾರ್ಯರೂ ‘ಕರ್ನಾಟಕ ಕವಿಚರಿತೆ’ಯಲ್ಲಿ (1907, 1919, 1929) ಕವಿಗಳ ಹೆಸರನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ, ಕಾಲ, ಕೃತಿ, ಬರಹದ ಮಾದರಿ ಇವನ್ನೂ ಕೊಟ್ಟರು. ಬ್ಲಾಗಿನ ಹೆಸರಿನ ಕೆಳಗೂ ಇಂಥ ಎರಡು ಸಾಲಿನ ಪರಿಚಯವಿದ್ದರೆ ಓದುಗನ ಅರ್ಧ ಶ್ರಮ ಉಳಿಯುತ್ತದೆ.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ. ಕೊಡವ ತಕ್ಕ್, ಅರೆಭಾಷೆ ಎರಡನ್ನೂ ಸಾಮಾನ್ಯವಾಗಿ ಕನ್ನಡ ಲಿಪಿಯಲ್ಲಿಯೇ ಬರೆಯುವುದರಿಂದ ಲಿಪಿಯನ್ನು ನೋಡಿ ವಿಂಗಡಿಸಿದರೆ ಎಲ್ಲವೂ ಕಲಸಿಹೋಗುತ್ತದೆ. ಊರುಗಳಿಗೂ ಎರಡೆರಡು ಹೆಸರು. ಕೂರ್ಗ್ ಎಂದು ಹುಡುಕಿದವನಿಗೆ ‘ಕೊಡಗು ನೋಡಿ’ ಎಂದೂ, ಮರ್ಕೇರ ಎಂದವನಿಗೆ ‘ಮಡಿಕೇರಿ ನೋಡಿ’ ಎಂದೂ, ಫ್ರೇಜರ್‌ಪೇಟೆ ಎಂದವನಿಗೆ ‘ಕುಶಾಲನಗರ ನೋಡಿ’ ಎಂದೂ ಗ್ರಂಥಾಲಯದ ಕಾರ್ಡುಗಳಂತೆ ದಾರಿ ತೋರಿಸಬೇಕು. ಇದು ಯಂತ್ರದ ಕೆಲಸಕ್ಕಿಂತ ಊರು ಬಲ್ಲವರ ಕೆಲಸ.

ಇಡೀ ಕನ್ನಡದ ಸೂಚಿ ನಮ್ಮ ಕೈಗೆ ಮೀರಿದ್ದು. ಕೊಡಗಿನ ಐದು ತಾಲ್ಲೂಕುಗಳದನ್ನು ಮಾತ್ರ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಕೈಗೊಳ್ಳಬಹುದೆಂದು ನನ್ನ ಅಲ್ಪಮತಿಗೆ ತೋರುತ್ತದೆ. ತಾಲ್ಲೂಕಿಗೆ ಇಬ್ಬರಂತೆ ಹತ್ತು ಮಂದಿ ಸಾಕು. ವರ್ಷಕ್ಕೆ ಎರಡು ಬಾರಿ ಪ್ರತಿ ಪುಟವನ್ನೂ ತೆರೆದು ನೋಡಿ, ನೋಡಿದ ದಿನಾಂಕವನ್ನು ಬರೆಯತಕ್ಕದ್ದು. ನಿಂತುಹೋದ ಬ್ಲಾಗನ್ನು ಪಟ್ಟಿಯಿಂದ ಕಿತ್ತುಹಾಕದೆ ‘ನಿಂತಿದೆ’ ಎಂದು ಗುರುತಿಸಿ, ಇಂಟರ್ನೆಟ್ ಆರ್ಕೈವಿನಲ್ಲಿ ಅದರ ಪ್ರತಿ ಉಳಿದಿದ್ದರೆ ಆ ವಿಳಾಸವನ್ನೂ ಪಕ್ಕದಲ್ಲಿ ಸೇರಿಸಬಹುದು. ನಾನು ಈ ವರ್ಷ ಕಾಲೇಜು ಬಿಡುವವನು. ಮಡಿಕೇರಿ ತಾಲ್ಲೂಕಿನ ಹಾಳೆಯನ್ನು ಪ್ರಾರಂಭಿಸಿ ಕಿರಿಯರ ಕೈಗೆ ಒಪ್ಪಿಸಿ ಹೋಗುತ್ತೇನೆ.