ಮುರಕಲ್ಲಿನ ಸೀಮೆಯಲ್ಲಿ

ಚರಿತ್ರೆ ನೋಡಲೆಂದು ಕಾಸರಗೋಡಿಗೆ ಬರುವವರು ಬೇಕಲ ಕೋಟೆಯ ಬುರುಜು ಹತ್ತಿ, ಕಡಲು ನೋಡಿ ಹಿಂತಿರುಗುತ್ತಾರೆ. ಮೀಂಜದಲ್ಲಿ ಬದುಕುತ್ತ ಸುತ್ತಲಿನ ಸೀಮೆಯನ್ನು ಅರಿಯಹೊರಟ ನನಗೆ ಮನದಟ್ಟಾದದ್ದು, ಇಲ್ಲಿನ ಚರಿತ್ರೆಯನ್ನು ಕಾಲಡಿಯ ಮುರಕಲ್ಲಿನಿಂದಲೇ ಓದತೊಡಗಬೇಕೆಂಬುದು. ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನುವ ಆ ಕೋಟೆ, ಕುಂಬಳೆ ಬಳಿಯ ಅನಂತಪುರದ ಕೆರೆಯ ನಡುವಿನ ದೇವಸ್ಥಾನದ ಸುತ್ತಲ ಹಾಸು, ನಮ್ಮ ಮನೆಗಳ ಗೋಡೆ, ಎಲ್ಲಕ್ಕೂ ಇದೇ ಕಲ್ಲು. ನೆಲದೊಳಗಿರುವಾಗ ಪಿಕ್ಕಾಸಿಗೆ ಸುಲಭವಾಗಿ ಬಿಟ್ಟುಕೊಡುತ್ತದೆ. ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಈ ಗುಣವನ್ನು ಗಮನಿಸಿ, 1807ರಲ್ಲಿ ಅಚ್ಚಾದ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. 1801ರಲ್ಲಿ ಮಂಗಳೂರಿಗೆ ಹೊರಟ ಅವನು ಹಾದುಹೋದದ್ದು ಬೇಕಲ, ಕುಂಬಳೆ, ಮಂಜೇಶ್ವರಗಳ ಮೂಲಕವೇ.

ಥಾಯ್ಲೆಂಡಿನ ಹಳೆಯ ನಗರ ಕಾಂಫೇಂಗ್ ಫೆಟ್‌ನ ಗುಡಿಗೋಡೆಗಳಲ್ಲೂ ಈ ಜಾತಿಯ ಕಲ್ಲೇ ಇದೆ. ಆ ನಗರ 1991ರಲ್ಲಿ ಸುಖೋಥಾಯ್ ಜತೆಗೆ ವಿಶ್ವಪರಂಪರೆಯ ಪಟ್ಟಿ ಸೇರಿತು. ಮೀಂಜದ ಸುತ್ತ ಅಂಥದ್ದೇನಿದೆ ಎಂದು ಕೇಳುವವರಿದ್ದಾರೆ. ಕಣ್ಣಿಗೆ ಹೊಡೆಯುವಂಥದ್ದು ಕಡಿಮೆ ಎಂಬುದು ನಿಜವೇ. ಆದರೆ ಬಾಯಾರು, ಪೈವಳಿಕೆ, ಎಣ್ಮಕಜೆಯ ಗುಡ್ಡಗಳ ಬುಡದಲ್ಲಿ ಜನ ತಾವೇ ಕೊರೆದ ಸುರಂಗಗಳಿವೆ. ಒಬ್ಬರು ಬಗ್ಗಿ ನಡೆಯುವಷ್ಟು ಅಗಲ, ಎತ್ತರ. ಮುರಕಲ್ಲಿಗಿಳಿದ ಮಳೆನೀರು ಒಳಗೆ ಜಿನುಗಿ, ಇಳಿಜಾರಿನಲ್ಲಿ ತಾನಾಗಿ ಹೊರಬಂದು ಮಣ್ಣಿನ ಟ್ಯಾಂಕಿಯಲ್ಲಿ ನಿಲ್ಲುತ್ತದೆ. ಪಂಪು ಬೇಡ, ಕರೆಂಟು ಬೇಡ. ಕೊರೆಯುವವರು ಒಳಗೆ ಮೇಣದಬತ್ತಿ ಹಚ್ಚಿಟ್ಟು, ಉರಿ ಕುಗ್ಗಿದರೆ ಗಾಳಿ ಸಾಲದೆಂದು ತಿಳಿಯುತ್ತಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ ಬಿದ್ದರೂ ಬೇಸಗೆಗೆ ತೋಡುಗಳು ಬತ್ತುವ ಈ ನೆಲದಲ್ಲಿ ಅಡಕೆ ತೋಟಗಳು ಉಳಿದದ್ದಕ್ಕೆ ಇಂಥ ದುಡಿಮೆಯೂ ಕಾರಣ. ಕಟ್ಟಿಸಿದ ಅರಸರ ಹೆಸರು ಇವಕ್ಕಿಲ್ಲ ಎಂಬುದರಿಂದಲೇ ಇವು ನನಗೆ ಕೋಟೆಗಿಂತ ದೊಡ್ಡವು.

ಬೋರ್‌ವೆಲ್ ಬಂದಮೇಲೆ ಸುರಂಗದ ಮಾತೇಕೆ, ಕಲ್ಲುಕೋರೆ ಹಲವರ ಹೊಟ್ಟೆ ಹೊರೆಯುತ್ತಿಲ್ಲವೇ ಎಂಬ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಮನೆ ಕಟ್ಟುವವರಿಗೆ ಕಲ್ಲು ಬೇಕು, ಕಡಿಯುವವರಿಗೆ ಕೂಲಿ ಬೇಕು. ಆದರೂ ಗುಡ್ಡದ ನೆತ್ತಿಯ ಕಲ್ಲನ್ನು ಬಳಿದು ತೆಗೆದರೆ ನೀರು ಹಿಡಿದಿಡುವ ಪದರವೇ ಹೋಗುತ್ತದೆ. ಕೆಳಗಿನ ಸುರಂಗ ಬತ್ತುತ್ತದೆ, ಬೋರ್‌ವೆಲ್ ಇನ್ನಷ್ಟು ಆಳಕ್ಕಿಳಿಯಬೇಕಾಗುತ್ತದೆ. ಕೋರೆಗೆ ಒಪ್ಪಿಗೆ ಕೊಡುವ ಮೊದಲು ಆ ಗುಡ್ಡದ ಬುಡದಲ್ಲಿರುವ ಸುರಂಗಗಳನ್ನೂ ಅವುಗಳ ನೀರು ಕುಡಿಯುವ ಮನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿ.